ಅಮ್ಮನ ಹಿಂಗತ್ತಿನ ವಿಚಾರಣೆ

ನಮ್ಮ ಮನೆಯಲ್ಲಿ ಕನ್ನಡ ಮಾತನಾಡುವವರು ಎಲ್ಲರೂ; ಕನ್ನಡ ಓದಬಲ್ಲವಳು ನಾನೊಬ್ಬಳು ಮಾತ್ರ. ಕೊಯಮತ್ತೂರಿನ ಅಂಚಿನ ನೇಕಾರರ ಬೀದಿಯಲ್ಲಿ ಬೆಳೆದ ನನಗೆ ಈ ಲಿಪಿ ಒಲಿದದ್ದು ವಿಶ್ವವಿದ್ಯಾಲಯ ಸೇರಿದ ಮೇಲೆ. ಆದ್ದರಿಂದ ಅಪ್ಪ, ಅಮ್ಮ ಮತ್ತು ಪಕ್ಕದ ಮನೆಯ ಸೋದರತ್ತೆಯನ್ನು ಕುರಿತು ನಾನಿಲ್ಲಿ ಬರೆಯುವ ಒಂದಕ್ಷರವನ್ನೂ ಅವರು ಓದಲಾರರು. ನನ್ನ ನಿರ್ಭೀತಿಯ ಬಹುಪಾಲು ಅಲ್ಲಿಂದಲೇ ಬರುತ್ತದೆ.

ಓದು ಮುಗಿಸಿ ಊರಿಗೆ ಮರಳಿದಾಗ ಶ್ರಾವಣದ ಹೊತ್ತಿನ ಆವಣಿ ತಿಂಗಳ ಮದುವೆಗಳು ನಡೆಯುತ್ತಿದ್ದವು. ನಮ್ಮ ಬೀದಿಯಲ್ಲಿ ಯಾವ ಹೆಣ್ಣು ಹಸೆಗೇರಿದರೂ ಅವಳ ಜಡೆ ಹೆಣೆದು ಹೂ ಮುಡಿಸುವ ಹಕ್ಕು ಅಮ್ಮನದು. ಆ ಹಕ್ಕನ್ನು ಅವಳಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ಅವಳ ಕೈಯಲ್ಲಿ ಹೆಣೆದ ಜಡೆ ಮುಹೂರ್ತ ಕಳೆದು ಮರುದಿನವಾದರೂ ಅಲುಗುವುದಿಲ್ಲವೆಂಬ ಖ್ಯಾತಿ ಅದನ್ನು ಕೊಟ್ಟಿತ್ತು. ಅಂಥವಳು ಆ ಸಲ ಎದುರುಮನೆಯ ಮದುವೆಗೆ ಕೈನೋವೆಂದು ಹೇಳಿ ಕಳುಹಿಸಿದಳು. ಹೇಳಿ ಕಳುಹಿಸಿದ ಮರುಗಳಿಗೆಯೇ ಅದೇ ಕೈಯಿಂದ ಗ್ರೈಂಡರಿನ ಕಲ್ಲನ್ನೆತ್ತಿ ತೊಳೆದಿಟ್ಟಳು.

ನನಗೆ ಅನುಮಾನ ಹುಟ್ಟಿದ್ದು ಕಲ್ಲಿನಿಂದಲ್ಲ, ಸೆರಗಿನಿಂದ. ಫ್ಯಾನಿನ ಕೆಳಗೂ ಬೆವರುವಂಥ ಸೆಖೆಯಲ್ಲಿ ಅವಳು ಸೆರಗನ್ನು ಕತ್ತಿನ ಸುತ್ತ ಹೊದ್ದು ಓಡಾಡುತ್ತಿದ್ದಳು. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮಗ್ಗದ ಕೋಣೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ರಾಟೆಯಲ್ಲಿ ನೂಲು ಸುತ್ತುತ್ತಿದ್ದ ಅಮ್ಮ ಸೆಖೆ ತಾಳಲಾರದೆ ಸೆರಗನ್ನು ಕೆಳಗಿಳಿಸಿದಳು. ನಾನು ಬಾಗಿಲಲ್ಲಿದ್ದೆ.

“ಅಮ್ಮಾ, ಇದೇನು?”

“ಏನು ಅಂದ್ರೆ? ಕತ್ತು.”

“ಕತ್ತಿನ ಮೇಲಿದ್ದ ಕೂದಲೆಲ್ಲಿ?”

“ನಿನ್ ಜೊತೆ ಓದಕ್ಕೆ ಓಗಿತ್ತು. ನೀ ಬಂದೆ, ಅದು ಇನ್ನಾ ಬಂದಿಲ್ಲ.”

ಮೊಣಕಾಲು ಮುಟ್ಟುವ ಜಡೆಯವಳು ನನ್ನ ಅಮ್ಮ. ಆ ಜಡೆ ಆರಂಭವಾಗುವ ಜಾಗದಲ್ಲಿ, ಹಿಂಗತ್ತಿನ ಅಂಚಿನುದ್ದಕ್ಕೂ, ಬೆರಳಗಲದ ಪಟ್ಟಿಯೊಂದು ಬೋಳಾಗಿ ಹೊಳೆಯುತ್ತಿತ್ತು. ಪಟ್ಟಿಯ ಅಂಚಿನಲ್ಲಿ ಕೂದಲುಗಳು ಉದುರಿರಲಿಲ್ಲ. ತುಂಡಾಗಿ, ಒಂದೊಂದು ಒಂದೊಂದು ಅಳತೆಯಲ್ಲಿ ನಿಂತಿದ್ದವು.

“ಯಾರಿಗೂ ಏಳ್ಬೇಡ,” ಎಂದಳು. “ಪುಳುವೆಟ್ಟು ಇರಬೇಕು. ಅಂತಾ ಕೈ ಮದುವೆ ಪೊಣ್ಣಿನ ತಲೆ ಮುಟ್ಟಬಾರ್ದು.”

ಹುಳು ಕಡಿದು ಕೂದಲು ಹೋಗುತ್ತದೆಂದು ನಮ್ಮ ಕಡೆಯವರು ನಂಬುವ ಕಾಯಿಲೆಗೆ ಪುಳುವೆಟ್ಟು ಎನ್ನುತ್ತಾರೆ. ಅವಳ ಕೈನೋವಿನ ಮೂಲ ನನಗೆ ಆಗ ತಿಳಿಯಿತು. ಪರಿಹಾರವನ್ನೂ ಅವಳು ಆಗಲೇ ನಿಶ್ಚಯಿಸಿಕೊಂಡಿದ್ದಳು.

“ತೈಪೂಸದೊಳ್ಗ ಮುಡಿ ಬರ್ಲಿಲ್ಲ ಅಂದ್ರೆ ಪಳನಿಗೆ ಓಗಿ ಮೊಟ್ಟೈ ಒಡೀತೀನಿ. ಎಲ್ಲಾ ಒಟ್ಗೆ ಓದ್ರೆ ಎಲ್ಲಾ ಒಟ್ಗೆ ಬತ್ತದೆ.”

ಸಂಕ್ರಾಂತಿ ಕಳೆದು ಬರುವ ತೈಪೂಸದ ಹಬ್ಬಕ್ಕೆ ಪಳನಿಯ ಮುರುಗನಿಗೆ ತಲೆ ಬೋಳಿಸಿ ಮುಡಿ ಕೊಡುವುದು ನಮ್ಮಲ್ಲಿ ವಿಶೇಷವೇನಲ್ಲ. ಆದರೆ ಇಲ್ಲಿ ಭಕ್ತಿಗಿಂತ ಬೇಸಾಯದ ತರ್ಕವೇ ಹೆಚ್ಚಾಗಿತ್ತು. ಪೈರು ಸಮನಾಗಿ ಏಳಬೇಕಾದರೆ ಹೊಲವನ್ನು ಒಮ್ಮೆಗೇ ಕೊಯ್ಯಬೇಕು ಎಂಬಂತೆ. ನಗುತ್ತಲೇ ಹೇಳಿದಳಾದರೂ ಹೇಳುವಾಗ ಅವಳ ಕೈ ಜಡೆಯ ತುದಿಯನ್ನು ಹಿಡಿದುಕೊಂಡೇ ಇತ್ತು. ಜ್ವರದಲ್ಲಿ ಮಲಗಿದ್ದಾಗಲೂ ಆ ಜಡೆಗೆ ಕತ್ತರಿ ಮುಟ್ಟಗೊಡದವಳು ಅವಳು. ತೈಪೂಸದೊಳಗೆ ಈ ಕೂದಲಿಗೆ ಯಾರು ಹೊಣೆಯೆಂಬುದನ್ನು ಪತ್ತೆ ಹಚ್ಚಿಯೇ ತೀರಬೇಕೆಂದು ನಾನು ತೀರ್ಮಾನಿಸಿದೆ. ಹೊಣೆಗಾರರನ್ನು ಪತ್ತೆ ಹಚ್ಚುವುದನ್ನು ತಾನೇ ವಿಶ್ವವಿದ್ಯಾಲಯದ ಸ್ತ್ರೀವಾದದ ತರಗತಿಗಳು ನನಗೆ ಅಷ್ಟು ವರ್ಷ ಕಲಿಸಿದ್ದು.

ಮೊದಲ ಸಾಕ್ಷಿ ಅತ್ತೆ. ಗುಟ್ಟು ಬಿಟ್ಟುಕೊಡದೆ, ಕೂದಲು ಏಕೆ ಹೋಗುತ್ತದೆಂದು ಸಾಮಾನ್ಯವಾಗಿ ಕೇಳಿದೆ. ಕೇಳುವುದನ್ನೇ ಕಾಯುತ್ತಿದ್ದವಳಂತೆ ಅತ್ತೆ ಬೋರಿನ ನೀರಿನ ಮೇಲೆ ಮುಗಿಬಿದ್ದಳು. ಆ ಉಪ್ಪುನೀರಿಗೆ ತವರದ ಕೊಡವೇ ಉಳಿಯುವುದಿಲ್ಲವಂತೆ, ತಲೆ ಉಳಿಯುತ್ತದೆಯೇ? ಅವಳ ಆವೇಶ ಅಗತ್ಯಕ್ಕಿಂತ ಒಂದು ತೂಕ ಹೆಚ್ಚೆಂದು ನನಗೆ ಆಗಲೂ ಅನ್ನಿಸಿತು. ನಾನು ನೀರಿನ ಬಗ್ಗೆ ಪಂಚಾಯಿತಿಗೆ ದೂರು ಕೊಟ್ಟೆ. ನೀರಿನಲ್ಲಿ ಉಪ್ಪಿದೆ ಎಂಬುದನ್ನು ಪಂಚಾಯಿತಿ ಒಪ್ಪಿಕೊಂಡಿತು. ಕೂದಲಿನ ಬಗ್ಗೆ ಮಾತನಾಡಲಿಲ್ಲ.

ಎರಡನೆಯದು ಗಾಂಧಿಪುರಂನ ಎಣ್ಣೆ ಅಂಗಡಿ. ಬಸ್ ನಿಲ್ದಾಣದ ಪಕ್ಕದ ಬೀದಿಯಲ್ಲಿ ದಾಸವಾಳ, ಕರಿಬೇವು, ಇನ್ನೂ ಏನೇನೋ ಬೇರುಗಳ ಎಣ್ಣೆ ಸಿಗುತ್ತದೆಂದು ಅತ್ತೆಯೇ ಹೇಳಿದ್ದಳು. ಸೀಸೆಯ ಮೇಲೆ ಹೊಳೆಯಂತೆ ಹರಿಯುವ ಕೂದಲಿನ ಹೆಂಗಸಿನ ಚಿತ್ರ. ದೀಪಾವಳಿಯ ಐಪ್ಪಸಿ ತಿಂಗಳವರೆಗೂ ಅಮ್ಮ ಅದನ್ನು ಹಿಂಗತ್ತಿಗೆ ತಿಕ್ಕಿದಳು. ತಿಕ್ಕಿದ ಕೈಗೆ ತುಂಡುಕೂದಲು ಇನ್ನಷ್ಟು ಬಂದವು. ಖಾಲಿ ಸೀಸೆ ಹಿಡಿದು ನಾನು ಅಂಗಡಿಗೆ ಹೋದೆ.

ಅಂಗಡಿಯಾತ ತಮಿಳಿನಲ್ಲಿ ಮಧುರವಾಗಿ, “ಕೊಂಜಂ ಪೊರುಮೈಯಾ ಇರುಂಗ ಮೇಡಂ,” ಎಂದ. ತಾಳ್ಮೆ ಬೇಕಂತೆ. ನಾನು ಚಿತ್ರದ ಮೇಲೆ ಬೆರಳಿಟ್ಟು, ಈ ಕೂದಲು ಯಾರದೆಂದು ಕೇಳಿದೆ.

“ಎಂಗ ಮುದಲಾಳಿ ಪೊಣ್ಣು,” ಎಂದ ಹೆಮ್ಮೆಯಿಂದ. ಮಾಲೀಕರ ಮಗಳು.

ಹಾಗಾದರೆ ಅವಳು ಇದೇ ಎಣ್ಣೆ ಹಚ್ಚುತ್ತಾಳೆಯೇ ಎಂದೆ. ಆತ ಸತ್ಯವಂತ, ಅತ್ತಿತ್ತ ನೋಡಿ ದನಿ ತಗ್ಗಿಸಿ, ಆ ಹುಡುಗಿಗೆ ಎಣ್ಣೆಯ ವಾಸನೆ ಹಿಡಿಸುವುದಿಲ್ಲ, ಶಾಂಪೂ ಮಾತ್ರ ಹಾಕುತ್ತಾಳೆ ಎಂದು ಒಪ್ಪಿಕೊಂಡ. ವ್ಯಾಪಾರದಲ್ಲಿ ಸತ್ಯ ಎಷ್ಟು ಕೆಳದನಿಯಲ್ಲಿ ಬದುಕಬೇಕಾಗಿದೆ ಎಂಬ ಬಗ್ಗೆ ನಾನು ಅಲ್ಲಿಯೇ ಏರುದನಿಯಲ್ಲಿ ಭಾಷಣ ಮಾಡಿದೆ. ಸರದಿಯಲ್ಲಿದ್ದ ಹೆಂಗಸರು ಗಮನವಿಟ್ಟು ಕೇಳಿದರು. ಕೇಳಿ ಆದ ಮೇಲೆ ಎಲ್ಲರೂ ಒಂದೊಂದು ಸೀಸೆ ಕೊಂಡರು.

ಮನೆಗೆ ಬಂದರೆ ಅಪ್ಪ ಗುಳಿಮಗ್ಗದೊಳಗಿನಿಂದ ಕತ್ತೆತ್ತಿ ನೋಡಿದ.

“ಏನ್ ಕಲೆಕ್ಟರಮ್ಮಾ, ಇವತ್ತು ಯಾರ್ ಮೇಲೆ ಕೇಸು?”

“ನಿಮಗೇನೂ ಅನ್ನಿಸುವುದಿಲ್ಲವೇ ಅಪ್ಪಾ? ಅಮ್ಮನ ಕೂದಲು ಹೋಗುತ್ತಿದೆ.”

ಅವನು ತನ್ನ ನುಣ್ಣನೆಯ ತಲೆಯನ್ನೊಮ್ಮೆ ಸವರಿಕೊಂಡ. “ನಂದು ಓದಾಗ ಒಬ್ರೂ ವಿಚಾರಣೆ ಮಾಡ್ಲಿಲ್ಲ ಕಣ್ಣು,” ಎಂದ, ಮಗಳನ್ನು ಮುದ್ದಿನಿಂದ ಕರೆಯುವ ನಮ್ಮೂರಿನ ಮಾತಿನಲ್ಲಿ. ಲಾಳಿ ಮತ್ತೆ ಓಡತೊಡಗಿತು.

ಕಾರ್ತಿಕದಲ್ಲಿ ಅಮ್ಮನನ್ನು ಚರ್ಮವೈದ್ಯರ ಬಳಿಗೆ ಎಳೆದೊಯ್ದೆ. ಎಳೆದೊಯ್ದೆ ಎಂಬುದು ಅಲಂಕಾರವಲ್ಲ. ಬಸ್ಸು ಹತ್ತಿಸುವವರೆಗೂ ಅವಳ ಚೀಲ ನನ್ನ ಕೈಯಲ್ಲಿ ಒತ್ತೆಯಾಗಿತ್ತು. ವೈದ್ಯರು ನಡುವಯಸ್ಸಿನ ಹೆಂಗಸು. ದೀಪವಿದ್ದ ಭೂತಗನ್ನಡಿಯನ್ನು ಅಮ್ಮನ ಹಿಂಗತ್ತಿನ ಮೇಲೆ ಹಿಡಿದು ಬಹಳ ಹೊತ್ತು ನೋಡಿದರು. ಇದು ಹುಳುವಿನ ಕೆಲಸವಲ್ಲ, ಅದಾದರೆ ದುಂಡಗೆ ಬೋಳಾಗುತ್ತದೆ. ಇಲ್ಲಿ ಕೂದಲು ದಿನವೂ ಯಾವುದಕ್ಕೋ ಸಿಕ್ಕಿ, ಎಳೆದು, ತುಂಡಾಗಿದೆ ಎಂದರು. ಕಬ್ಬಿಣಾಂಶಕ್ಕೂ ಥೈರಾಯ್ಡಿಗೂ ರಕ್ತ ನೋಡೋಣ, ಆದರೆ ಎಳೆಯುತ್ತಿರುವುದನ್ನು ಮೊದಲು ಹುಡುಕಬೇಕು. ಆಮೇಲೆ ಕೇಳಿದರು: “ಕಳುತ್ತಿಲೆ ಎನ್ನ ಪೋಟ್ಟಿರುಕ್ಕೀಂಗ?” ಕತ್ತಿಗೆ ಏನು ಹಾಕಿದ್ದೀರಿ?

“ತಾಲಿ,” ಎಂದಳು ಅಮ್ಮ, ಇದೂ ಒಂದು ಪ್ರಶ್ನೆಯೇ ಎಂಬಂತೆ.

ವೈದ್ಯರು ತಾಳಿಯ ಸರವನ್ನು ಹಿಂದಿನಿಂದ ಮೆಲ್ಲಗೆ ಎತ್ತಿದರು. ಅಮ್ಮ “ಆ!” ಎಂದು ಕುರ್ಚಿಯಿಂದ ಅರ್ಧ ಎದ್ದಳು. ಸರದೊಂದಿಗೆ ಕೂದಲೂ ಎದ್ದಿತ್ತು. ನಾನು ಬಗ್ಗಿ ನೋಡಿದೆ. ಸರದ ಎರಡು ತುದಿಗಳು ಸೇರುವ ಕೊಂಡಿಯ ಸುತ್ತ ಹೊಂಬಣ್ಣದ ದಪ್ಪನೆಯ ಗಂಟು. ಅದರ ತುಂಬ ಚಿಕ್ಕ ಚಿಕ್ಕ ಮೊನೆಗಳು. ಮೊನೆಮೊನೆಗೂ ಅಮ್ಮನ ಕೂದಲು. ಅದು ಜರಿ. ಎಳೆಯನ್ನು ಎಳೆಗೆ ಸೇರಿಸಿ, ಎಷ್ಟು ಜಗ್ಗಿದರೂ ಜಾರದಂತೆ ನೇಕಾರರು ಹಾಕುವ ಗಂಟು. ಆ ಗಂಟನ್ನು ಅಷ್ಟು ಚೊಕ್ಕವಾಗಿ ಹಾಕುವವನು ನಮ್ಮ ಬೀದಿಯಲ್ಲಿ ಒಬ್ಬನೇ. ಅವನು ಆ ಹೊತ್ತಿನಲ್ಲಿ ಮನೆಯಲ್ಲಿ ಕೂತು ಲಾಳಿ ಓಡಿಸುತ್ತಿದ್ದ.

ಬಸ್ಸಿನಲ್ಲಿ ಅಮ್ಮ ಎಲ್ಲವನ್ನೂ ಹೇಳಿದಳು. ನಾನು ಹೊರಗೆ ಓದುತ್ತಿದ್ದ ಕೊನೆಯ ವರ್ಷ ಹಿಂದಿನ ಬೀದಿಯಲ್ಲಿ ಒಬ್ಬ ಹೆಂಗಸು ಬೆಳಿಗ್ಗೆ ಬಾಗಿಲ ಮುಂದೆ ಬಗ್ಗಿ ರಂಗೋಲಿ ಹಾಕುತ್ತಿದ್ದಾಗ ಬೈಕಿನಲ್ಲಿ ಬಂದ ಇಬ್ಬರು ಅವಳ ತಾಳಿಸರವನ್ನು ಕಿತ್ತುಕೊಂಡು ಹೋಗಿದ್ದರು. ದೂರು ಕೊಟ್ಟವಳಿಗೆ ಠಾಣೆಯಲ್ಲಿ ಸಿಕ್ಕಿದ್ದು ಬುದ್ಧಿವಾದ: ಸರವನ್ನು ಒಳಗೆ ಹಾಕಿಕೊಳ್ಳಿ, ಹುಷಾರಾಗಿರಿ. ಅಂದು ಸಂಜೆ ಅಪ್ಪ ಮಗ್ಗದಿಂದ ಎದ್ದು ಬಂದು, ಅಮ್ಮನ ಸರದ ಕೊಂಡಿಯನ್ನು ಮುಂದಕ್ಕೆಳೆದು ಉಳಿದಿದ್ದ ಜರಿಯ ತುಂಡುಗಳಿಂದ ಬಿಗಿದಿದ್ದ. ಹತ್ತಿನೂಲು ಕೊಳೆಯುತ್ತದೆ, ಜರಿ ಗಟ್ಟಿ, ಚಿನ್ನದ ಜೊತೆ ಬಣ್ಣವೂ ಕೂಡುತ್ತದೆ ಎಂಬುದು ಅವನ ಲೆಕ್ಕ. ಸಡಿಲವಾದಾಗಲೆಲ್ಲ ಹಳೆಯದರ ಮೇಲೆ ಹೊಸದು ಬಿಗಿದ. ಆ ಗಂಟನ್ನು ನೋಡಲು ಬೀದಿಯ ಗಂಡಸರು ಬಂದು ಮೆಚ್ಚಿ ಹೋಗಿದ್ದರಂತೆ.

“ಎಳೆಯುತ್ತಿತ್ತು ತಾನೇ? ಏಕೆ ಹೇಳಲಿಲ್ಲ?”

ಅಮ್ಮ ಕಿಟಕಿಯ ಕಡೆ ತಿರುಗಿದಳು. “ಈ ಮನುಷ್ಯ ನನ್ ಬಗ್ಗೆ ಬಯಪಟ್ಟಿದ್ದು ಅದೊಂದೇ ತಡವೆ, ಒಂದೇ ಸಲ. ಅದ್ನ ಬಿಚ್ಚು ಅಂತ ಎಂಗೆ ಏಳದು?”

ಈ ವಾಕ್ಯವನ್ನು ಸ್ತ್ರೀವಾದದ ಯಾವ ಅಧ್ಯಾಯದಲ್ಲಿ ಸೇರಿಸಬೇಕೆಂದು ತಿಳಿಯದೆ ನಾನು ಎರಡು ನಿಲ್ದಾಣಗಳ ಕಾಲ ಬಾಯಿ ಮುಚ್ಚಿ ಕೂತೆ. ಅಮ್ಮನಿಗೆ ಇದು ಗೆಲುವೆನ್ನಿಸಿರಬೇಕು, ಕಡಲೆಕಾಯಿ ಕೊಡಿಸಿದಳು.

ಮನೆ ತಲುಪುವಷ್ಟರಲ್ಲಿ ನನ್ನ ನಾಲಗೆ ಚೇತರಿಸಿಕೊಂಡಿತ್ತು. ಮಗ್ಗದ ಮುಂದೆ ನಿಂತು ಆರೋಪಗಳನ್ನು ಓದಿದೆ. ಗಂಟನ್ನು ಮುಂದೆ ಹಾಕಿದವರು ಅದು ಹಿಂದಕ್ಕೆ ಹೋಗಿ ಏನು ಮಾಡುತ್ತಿದೆ ಎಂದು ಒಮ್ಮೆಯಾದರೂ ನೋಡಿದ್ದೀರಾ? ಕಳ್ಳ ಜಗ್ಗಿದರೆ ಈಗ ಸರ ಕಿತ್ತು ಬರುವುದಿಲ್ಲ, ಅಮ್ಮನೇ ಬೈಕಿನ ಹಿಂದೆ ಹೋಗುತ್ತಾಳೆ, ಅದನ್ನು ಯೋಚಿಸಿದ್ದೀರಾ? ಕಾಪಾಡಿದ್ದು ಯಾರನ್ನು, ಸರವನ್ನೇ, ಅಮ್ಮನನ್ನೇ?

ಅಪ್ಪ ಲಾಳಿ ಕೆಳಗಿಟ್ಟ. ಕನ್ನಡಕವನ್ನು ಪಂಚೆಯಲ್ಲಿ ಒರೆಸಿದ. “ಗಂಟು ಅವುಂದಿತ್ತಾ?” ಎಂದು ಕೇಳಿದ. ಬಿಚ್ಚಿಕೊಂಡಿತ್ತೇ ಎಂದು.

“ಇಲ್ಲ!”

“ಆಂ,” ಎಂದ. ಆ ಒಂದು ಸ್ವರದಲ್ಲಿದ್ದ ಕಸುಬಿನ ತೃಪ್ತಿಯನ್ನು ನಾನು ಈಗಲೂ ಕ್ಷಮಿಸಿಲ್ಲ.

ಕೊಂಡಿಯನ್ನು ತೆಗೆಸಿ ಕೂದಲು ಸಿಗದಂಥ ನುಣುಪಾದ ತಿರುಪು ಹಾಕಿಸಲು ಸರವನ್ನು ಅಕ್ಕಸಾಲಿಗನಿಗೆ ಕೊಡಬೇಕಿತ್ತು. ಆದರೆ ತಾಳಿಯಿಲ್ಲದ ಕತ್ತಿನಲ್ಲಿ ಅಮ್ಮ ಒಂದು ಗಳಿಗೆಯೂ ಇರುವವಳಲ್ಲ. ಸರ ಹೊರಗೆ ಹೋದಾಗ ಅರಿಸಿನ ಹಚ್ಚಿದ ದಾರಕ್ಕೆ ಅರಿಸಿನಕೊಂಬು ಕಟ್ಟಿ ಹಾಕಿಕೊಳ್ಳುವುದು ನಮ್ಮ ಪದ್ಧತಿ, ಕಟ್ಟಬೇಕಾದವನು ಗಂಡ. ಅಮ್ಮ ದೇವರ ಕೋಣೆಯ ಮುಂದೆ ಕೂತು ಜಡೆಯನ್ನು ಮುಂದಕ್ಕೆ ಹಾಕಿಕೊಂಡಳು. ಅಪ್ಪ ಹಿಂದೆ ಮಂಡಿಯೂರಿದ. ಮಧ್ಯಾಹ್ನದ ಬೆಳಕು ನೇರವಾಗಿ ಅವಳ ಹಿಂಗತ್ತಿನ ಮೇಲೆ ಬೀಳುತ್ತಿತ್ತು. ದಾರ ಹಿಡಿದ ಅವನ ಕೈ ಅಲ್ಲಿಯೇ ನಿಂತಿತು.

“ಏನುಂಗ, ಮುಹೂರ್ತ ನೋಡ್ತಿದ್ದೀರಾ?” ಎಂದಳು ಅಮ್ಮ.

ಅವನು ಬೋಳು ಪಟ್ಟಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳೋಡಿಸಿದ, ಮಗ್ಗದ ಮೇಲೆ ಹರಿದ ಹಾಸುನೂಲಿನಲ್ಲಿ ಎಷ್ಟು ಎಳೆ ಹೋಗಿವೆಯೆಂದು ತಡವಿ ನೋಡುವ ಹಾಗೆ. “ಇಷ್ಟು ಓಗಿದೆಯಾ,” ಎಂದ.

“ಮೆಲ್ಲಗೆ ಕಟ್ಟುಂಗ. ನಾನೇನೂ ಓಡಿ ಓಗಲ್ಲ.”

ಅವನು ಕಟ್ಟಿದ ಗಂಟು ಅಷ್ಟು ಸಡಿಲವಾಗಿತ್ತೆಂದರೆ ಅಮ್ಮ ಎದ್ದು ನಿಲ್ಲುವಷ್ಟರಲ್ಲಿ ಬಿಚ್ಚಿಹೋಯಿತು. ಮದುವೆಯಾದಂದಿನಿಂದ ಅವನು ಹಾಕಿದ ಕೆಟ್ಟ ಗಂಟು ಅದೊಂದೇ ಎಂದು ಅಮ್ಮ ಅತ್ತೆಯ ಮುಂದೆ ಹೇಳಿಕೊಂಡು ನಕ್ಕಳು. ಅತ್ತೆ ನಗಲಿಲ್ಲ, ತನ್ನ ಸೆರಗನ್ನು ಕತ್ತಿನ ಸುತ್ತ ಎಳೆದುಕೊಂಡು, ಹಾಲು ಉಕ್ಕುತ್ತದೆಂದು ಮನೆಗೆ ಹೋದಳು.

ವೈದ್ಯರು ಹೇಳಿದ ಮದ್ದು ಸರಳವಾಗಿತ್ತು, ಆದ್ದರಿಂದಲೇ ಅಮ್ಮನಿಗೆ ನಂಬಿಕೆ ಬರಲಿಲ್ಲ. ಹಚ್ಚಲು ಒಂದು ದ್ರಾವಣ. ರಕ್ತದಲ್ಲಿ ಕಬ್ಬಿಣ ಕಡಿಮೆಯಿದ್ದುದಕ್ಕೆ ಮಾತ್ರೆ. ಉಳಿದದ್ದೆಲ್ಲ ಮಾಡಬಾರದ್ದು: ಒದ್ದೆಕೂದಲನ್ನು ಬಾಚಬಾರದು, ಟವೆಲಿನಿಂದ ಹಿಂಗತ್ತನ್ನು ಉಜ್ಜಬಾರದು, ತಗ್ಗಿನಲ್ಲಿ ಬಿಗಿಯಾದ ತುರುಬು ಕಟ್ಟಬಾರದು, ಎಣ್ಣೆ ತಿಕ್ಕಬಾರದು. ಬೇರು ಸತ್ತಿರುವ ಕಡೆ ಕೂದಲು ಮರಳಿ ಬಾರದಿರಬಹುದು ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಅಮ್ಮ ಎಲ್ಲವನ್ನೂ ಮುರಿಯುತ್ತಿದ್ದಳೇನೋ. ಆದರೆ ಅಪ್ಪ ಕಾವಲಿಗೆ ನಿಂತ. ದಿನವೂ ಬೆಳಿಗ್ಗೆ ಮಗ್ಗಕ್ಕಿಳಿಯುವ ಮೊದಲು ಅವಳನ್ನು ಬಾಗಿಲ ಬೆಳಕಿನಲ್ಲಿ ನಿಲ್ಲಿಸಿ ಕನ್ನಡಕವೇರಿಸಿ ತಪಾಸಣೆ ಮಾಡುತ್ತಿದ್ದ.

“ಮೊದ್ಲು ತಿರುಗಿ ನೋಡ್ಲಿಲ್ಲ, ಈಗ ತಿರುಗಿಸಿ ಬಿಡಲ್ಲ,” ಎಂದು ಅಮ್ಮ ನನಗೆ ದೂರು ಕೊಟ್ಟಳು. “ಎಲ್ಲಾ ನಿನ್ನಿಂದ.”

ತೈ ತಿಂಗಳ ಹೊತ್ತಿಗೆ ಎಡಗಡೆ ನವಿರಾದ ಕೂದಲು ಮೊಳೆತಿತ್ತು. ಬಲಗಡೆ ಹಾಗೆಯೇ ಇತ್ತು. ಅಮ್ಮ ದೇವರೊಡನೆ ಚೌಕಾಸಿಗಿಳಿದಳು. ಅರ್ಧ ಬಂದಿದೆ, ಆದ್ದರಿಂದ ಪೂರ್ತಿ ತಲೆ ಕೊಡುವ ಪ್ರಮೇಯವಿಲ್ಲ. ಹೆಂಗಸರು ತುದಿಯಿಂದ ಚಿಟಿಕೆಯಷ್ಟು ಕತ್ತರಿಸಿ ಕೊಡುವ ಪೂಮುಡಿ ಸಾಕು. ಪಳನಿಯಲ್ಲಿ ಅದನ್ನು ಕೊಟ್ಟು, ಇಡೀ ಜಡೆಯೊಂದಿಗೆ ಬೆಟ್ಟವಿಳಿದು ಬಂದಳು.

ಬಂದ ವಾರವೇ ಮೂಲೆಮನೆಯ ಹುಡುಗಿಯ ಮದುವೆ. ಜಡೆ ಹೆಣೆಯಲು ಕರೆ ಬಂತು. ಅಮ್ಮ ಬಾಗಿಲಲ್ಲಿ ನಿಂತು ಒಮ್ಮೆ ಸೆರಗನ್ನು ಕತ್ತಿಗೆ ಸುತ್ತಿದಳು, ಆಮೇಲೆ ಬಿಚ್ಚಿದಳು. ಬಾಚಣಿಗೆ ತೆಗೆದುಕೊಂಡು ಹೊರಟಳು. ನಾನು ಹೂವಿನ ಬುಟ್ಟಿ ಹೊತ್ತು ಹಿಂಬಾಲಿಸಿದೆ.

ಮದುಮಗಳ ಕೋಣೆಯಲ್ಲಿ ಬೀದಿಯ ಹೆಂಗಸರೆಲ್ಲ ಇದ್ದರು. ಅಮ್ಮ ಕೂತು ಹುಡುಗಿಯ ಕೂದಲನ್ನು ಬಿಡಿಸುತ್ತಿದ್ದಂತೆ, ಹಿಂದೆ ಕೂತಿದ್ದ ಹುಡುಗಿಯ ದೊಡ್ಡಮ್ಮನ ಮಾತು ಅರ್ಧಕ್ಕೆ ನಿಂತಿತು. “ಅಕ್ಕಾ, ನಿನ್ ಕತ್ತು…”

ನಾನು ಬಾಯಿ ತೆರೆಯುವ ಮೊದಲು ಅಮ್ಮ ತಿರುಗದೆಯೇ ಉತ್ತರಿಸಿದಳು.

“ಇದಾ? ಪುಳುವೆಟ್ಟು ಅಲ್ಲ, ಬಯಪಡ್ಬೇಡಿ. ನಮ್ ಮನೆಯವ್ರು ಕಟ್ಟಿದ ಜರಿ. ಕಳ್ಳ ಸರ ಕೀಳ್ಬಾರ್ದು ಅಂತ ಕಟ್ಟಿದ್ರು. ಕಳ್ಳ ಬರ್ಲಿಲ್ಲ, ಜರಿನೇ ದಿನಾ ಮುಡಿ ಕಿತ್ಕೊಂಡು ಓಯ್ತು.”

ಯಾರಾದರೂ ನಗಬೇಕಿತ್ತು, ಒಬ್ಬರೂ ನಗಲಿಲ್ಲ. ಮೊದಲು ಅತ್ತೆ ಎದ್ದಳು. ಅಮ್ಮನ ಮುಂದೆ ಬಂದು, ಬೆನ್ನು ಹಾಕಿ ಕೂತು, ಸೆರಗನ್ನು ಕೆಳಗಿಳಿಸಿದಳು. ಹೊಂಬಣ್ಣದ ಗಂಟು, ಅದರ ಸುತ್ತ ಬೋಳು. ಬೋರಿನ ನೀರು ಆ ಕ್ಷಣಕ್ಕೆ ಖುಲಾಸೆಯಾಯಿತು. ಆಮೇಲೆ ದೊಡ್ಡಮ್ಮ. ಆಮೇಲೆ ಎದುರುಮನೆಯವಳು. ಸೆರಗುಗಳು ಒಂದೊಂದಾಗಿ ಇಳಿದವು. ಅಪ್ಪನ ಗಂಟನ್ನು ಮೆಚ್ಚಿ ಹೋದ ಗಂಡಸರು ಸುಮ್ಮನೆ ಹೋಗಿರಲಿಲ್ಲ. ಪ್ರತಿಯೊಬ್ಬನೂ ಮನೆಗೆ ಹೋಗಿ ತನ್ನ ಹೆಂಡತಿಗೆ ಅದನ್ನೇ ಬಿಗಿದಿದ್ದ. ಪ್ರತಿಯೊಬ್ಬಳೂ ತನಗೊಬ್ಬಳಿಗೇ ಹುಳು ಹತ್ತಿದೆಯೆಂದು ಹೆದರಿ ಅಷ್ಟು ತಿಂಗಳು ಮುಚ್ಚಿಕೊಂಡು ತಿರುಗಿದ್ದಳು.

“ಅಯ್ಯೋ ಸಾಮಿ,” ಎಂದಳು ಅಮ್ಮ. “ಒಂದು ಗಂಟು, ಒಂದು ಬೀದಿ ಮುಡಿ.” ಆಗ ನಗು ಬಂತು. ಮದುಮಗಳು ನಕ್ಕು ನಕ್ಕು ಕಣ್ಣಿನ ಕಪ್ಪನ್ನು ಕೆನ್ನೆಗಿಳಿಸಿಕೊಂಡಳು.

ಅಮ್ಮ ನನ್ನ ಕಡೆ ತಿರುಗಿದಳು. “ಅಪ್ಪನ್ ಕರಿ. ನೂಲು ಕತ್ತರಿಸೋ ಕತ್ತರಿ ತರಕ್ಕೆ ಏಳು.”

ಅಪ್ಪ ಕತ್ತರಿ ಹಿಡಿದು ಕೋಣೆಯ ಹೊಸ್ತಿಲಿಗೆ ಬಂದ. ಸಾಲಾಗಿ ಕೂತ ಹೆಂಗಸರ ಹಿಂಗತ್ತುಗಳನ್ನು ಕಂಡ. ಎಲ್ಲವುಗಳ ಮೇಲೂ ತನ್ನದೇ ಗಂಟು, ಕೈ ಮಾತ್ರ ಬೇರೆಯವರದು. ಈ ಸಲ “ಆಂ” ಎನ್ನಲಿಲ್ಲ. ಅಮ್ಮ ಕತ್ತರಿಯನ್ನು ಅವನ ಕೈಯಿಂದ ತೆಗೆದುಕೊಂಡಳು.

“ಇದು ನಾನ್ ಮಾಡ್ತೀನಿ. ನೀವು ಗಂಡಸ್ರತ್ರ ಓಗಿ ಏಳುಂಗ.”

“ಏನಂತ ಏಳದು?”

“ಕಟ್ಟದು ಏಳ್ಕೊಟ್ಟೋರಿಗೆ ಬಿಚ್ಚದು ಏಳಕ್ಕೆ ಬರಲ್ವಾ?”

ಚಪ್ಪರದ ಕೆಳಗೆ ಕಾಫಿ ಹಿಡಿದು ನಿಂತಿದ್ದ ಗಂಡಸರ ನಡುವೆ ಅಪ್ಪ ಹೋಗಿ ನಿಂತ. ಹಣೆಯ ಬೆವರು ಒರೆಸಿಕೊಂಡ. ನಾನು ಅಷ್ಟು ತಿಂಗಳು ಪಂಚಾಯಿತಿಯಿಂದ, ಅಂಗಡಿಯಿಂದ, ಅವನಿಂದಲೇ ಹೊರಡಿಸಲು ಹೆಣಗಿದ್ದ ವಾಕ್ಯ ಕೊನೆಗೆ ಆ ಚಪ್ಪರದಡಿಯಲ್ಲಿ ಹೊರಬಿತ್ತು.

“ಜರಿ ಕಟ್ಟಿದ್ದು ತಪ್ಪು. ನಾನೇ ಮೊದ್ಲು ಮಾಡ್ದೋನು. ಎಲ್ರೂ ಬಿಚ್ಚಿಬಿಡಿ.”

ಅತ್ತೆಯ ಗಂಡ ಲೋಟ ಕೆಳಗಿಟ್ಟು, “ಅಪ್ಪೊ, ಕಳ್ಳ ಬಂದ್ರೆ ಏನ್ ಮಾಡದು ಮಚ್ಚಾ?” ಎಂದ.

ಅಪ್ಪ ತಿರುಗಿ ನೋಡಿದ. ಬಾಗಿಲಲ್ಲಿ ನಾನಿದ್ದೆ. “ಅದಕ್ಕೆ ಪೋಲೀಸು ಇದೆ. ಅವ್ರು ಏಳ್ಲಿಲ್ಲ ಅಂದ್ರೆ ಎಬ್ಬಿಸಕ್ಕೆ ನಮ್ ಕಲೆಕ್ಟರಮ್ಮ ಇದ್ದಾಳೆ.”

ಬೀದಿಯಲ್ಲಿ ಬೆಳಗಿನ ಗಸ್ತು ಬೇಕೆಂಬ ಮನವಿಯನ್ನು ಮುಹೂರ್ತಕ್ಕೆ ಮುಂಚೆಯೇ, ಮದುವೆಮನೆಯ ಕಾಫಿ ಮೇಜಿನ ಮೇಲೆ ಬರೆದೆ. ಮೊದಲ ರುಜು ಅಪ್ಪನದು. ಒಳಗೆ ಅಮ್ಮ ಕೊನೆಯ ಜರಿಯನ್ನು ಕತ್ತರಿಸಿ ಮುಗಿಸಿ, ಮದುಮಗಳ ಜಡೆಗೆ ಮರಳಿದ್ದಳು. ಹುಡುಗಿ, ಬಿಗಿಯಾಗಿ ಹೆಣೆಯಿರಿ, ಅಲುಗಬಾರದು ಎಂದಳು.

“ಸುಮ್ನೆ ಕೂರು,” ಎಂದಳು ಅಮ್ಮ, “ವಸಿ ಅಲುಗ್ಲಿ.”